ಅಳತೆ ಪುಸ್ತಕದಲ್ಲಿಲ್ಲದ ಅಳತೆ

ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ನಮ್ಮ ಬೀದಿಯ ಚರಂಡಿಯ ಹೂಳೆತ್ತಲಾಗುತ್ತದೆ. ಎತ್ತಿದ ಹೂಳು ಪಕ್ಕದಲ್ಲೇ ಗುಡ್ಡೆಯಾಗಿ ಉಳಿದು, ಮೊದಲ ಮಳೆಗೆ ಮರಳಿ ಚರಂಡಿ ಸೇರುತ್ತದೆ. ಒಮ್ಮೆ ಎಂಜಿನಿಯರರನ್ನು ವಿಚಾರಿಸಿದೆ. ‘ತೆಗೆದ ಹೂಳು ಅಳತೆ ಪುಸ್ತಕದಲ್ಲಿ ದಾಖಲಾಗಿದೆ, ಬಿಲ್ಲೂ ಪಾಸಾಗಿದೆ’ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಗುತ್ತಿಗೆ ಕೇಳಿದ್ದು ಹೂಳು ತೆಗೆಯುವುದನ್ನು ಮಾತ್ರ. ನೀರು ಸರಾಗವಾಗಿ ಹರಿಯಬೇಕೆಂಬ ಷರತ್ತು ಅದರಲ್ಲಿರಲಿಲ್ಲ.

ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ 1999ರಲ್ಲಿಯೇ ಕಾಯ್ದೆ ಮಾಡಿತು. ಗುತ್ತಿಗೆಯನ್ನು ಯಾರಿಗೆ, ಹೇಗೆ ಕೊಡಬೇಕೆಂಬುದಕ್ಕೆ ಅದು ಶಿಸ್ತು ತಂದಿತು. ಕೊಟ್ಟ ಬಳಿಕ ಹಣ ಸಲ್ಲಬೇಕಾದುದು ಯಾವುದಕ್ಕೆ ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಈ ಪ್ರಶ್ನೆಗೆ ನಮ್ಮಲ್ಲೇ ಒಂದು ಉತ್ತರ ದೊರೆತಿದೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಒದಗಿಸುವ ಹೊಣೆಯನ್ನು 2005ರಲ್ಲಿ ಖಾಸಗಿ ನಿರ್ವಾಹಕರಿಗೆ ವಹಿಸಲಾಯಿತು. ಶುಲ್ಕದ ಒಂದು ಭಾಗ ನಿಶ್ಚಿತ. ಉಳಿದದ್ದು ಗುರಿ ಮುಟ್ಟಿದರೆ ಮಾತ್ರ. ನಲ್ಲಿಯಲ್ಲಿ ಸದಾ ಒತ್ತಡವಿರಬೇಕು, ಸೋರಿಕೆ ತಗ್ಗಬೇಕು ಎಂಬುವು ಆ ಗುರಿಗಳು. ಹಲವು ದಿನಗಳಿಗೊಮ್ಮೆ ಬರುವ ನೀರಿಗೆ ಕೊಡ ಹಿಡಿದು ಕಾಯುತ್ತಿದ್ದ ಬಡಾವಣೆಗಳಲ್ಲಿ ನಲ್ಲಿ ನಿರಂತರ ಹರಿಯಿತು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಈ ವಾರ್ಡುಗಳನ್ನು ಇತರ ವಾರ್ಡುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಟೈಫಾಯ್ಡ್ ಕಂಡ ಮನೆಗಳು ಇಲ್ಲಿ ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಆದರೆ ಐದು ವರ್ಷದೊಳಗಿನ ಮಕ್ಕಳ ಒಟ್ಟಾರೆ ಅತಿಸಾರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ನಿರ್ವಾಹಕರನ್ನು ದೂರಲಾಗದು. ಶೌಚ, ಕೈತೊಳೆಯುವ ಅಭ್ಯಾಸ, ಆಹಾರ ಇವೆಲ್ಲ ಅವರ ಕೈಯಲ್ಲಿಲ್ಲ.

ಆದ್ದರಿಂದ ಫಲಿತಾಂಶ ಆಧಾರಿತ ಗುತ್ತಿಗೆಗೆ ಎರಡು ಎಚ್ಚರ ಅಗತ್ಯವೆಂದು ನನ್ನ ಭಾವನೆ. ಅಳೆಯುವ ಫಲಿತಾಂಶ ಗುತ್ತಿಗೆದಾರನ ಹಿಡಿತದಲ್ಲಿರಬೇಕು, ಜೊತೆಗೆ ನಾಗರಿಕನಿಗೆ ಬೇಕಾದುದೂ ಆಗಿರಬೇಕು. ಅಳೆಯುವವರು ಹಣ ಪಡೆಯುವವರೂ ಆಗಿರಬಾರದು, ಬಿಲ್ಲು ಬರೆಯುವವರೂ ಆಗಿರಬಾರದು. ಇಲ್ಲವಾದರೆ ಸುಳ್ಳು ಲೆಕ್ಕಕ್ಕೆ ಹೊಸ ಕಾಲಂ ಒಂದು ಸಿಕ್ಕಂತಾಗುತ್ತದೆ, ಅಷ್ಟೆ.

ನಮ್ಮ ಚರಂಡಿಯ ಮಟ್ಟಿಗೆ ನಾನು ಕೇಳುವುದು ಇಷ್ಟು: ಬಿಲ್ಲಿನ ಅರ್ಧವನ್ನು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯಲಿ. ಮಳೆ ನಿಂತು ಒಂದು ಗಂಟೆಯಾದ ಮೇಲೂ ಬೀದಿಯಲ್ಲಿ ನೀರು ನಿಂತಿದ್ದರೆ ಆ ಹಣ ಕಡಿತವಾಗಲಿ. ಈ ಅಳತೆಗೆ ಪುಸ್ತಕ ಬೇಕಿಲ್ಲ. ಕೊಡೆ ಹಿಡಿದು ಹೊರಬಂದ ಯಾರಾದರೂ ನೋಡಿ ಹೇಳಬಲ್ಲರು.