ನಿಮಗಿದು ಗೊತ್ತೇ? ಹಳೇ ವಿ8ಗೆ ಯಾವ ಆಯಿಲ್?

ಡಬ್ಬಿಯ ಮೇಲಿನ ದರ್ಜೆ ಹೊಸದಾದಷ್ಟೂ ಎಂಜಿನ್ ಆಯಿಲ್ ಒಳ್ಳೆಯದು ಎಂಬ ಲೆಕ್ಕ ಅಮೆರಿಕದ ಹಳೇ ಮಸಲ್ ಕಾರುಗಳ ಹತ್ತಿರ ನಡೆಯುವುದಿಲ್ಲ. 1964ರ ಪಾಂಟಿಯಾಕ್ ಜಿಟಿಒ, 1967ರ ಶೆವ್ರೊಲೆ ಕಮಾರೊಗಳಂಥ ಗಾಡಿಗಳ ವಿ8 ಎಂಜಿನ್‌ಗೆ ಇವತ್ತಿನ ದುಬಾರಿ ಆಯಿಲ್ ಕೂಡ ಸಾಲದೇ ಹೋಗಬಹುದು!

ತಕರಾರು ಇರುವುದು ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಸಂಧಿಸುವ ಜಾಗದಲ್ಲಿ. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಅಲ್ಲಿ ರೋಲರ್ ಉರುಳುತ್ತದೆ. ಆಗಿನವುಗಳಲ್ಲಿ ಬಹುತೇಕ ಫ್ಲ್ಯಾಟ್ ಟ್ಯಾಪೆಟ್; ಲೋಹದ ಮೇಲೆ ಲೋಹ ಜಾರಬೇಕು, ಮೇಲಿನಿಂದ ವಾಲ್ವ್ ಸ್ಪ್ರಿಂಗ್‌ನ ಒತ್ತಡ ಬೇರೆ. ನಮ್ಮ ಅಂಬಾಸಿಡರ್‌ನ ಹಳೇ ಬಿಎಂಸಿ ಎಂಜಿನ್‌ನದೂ ಇದೇ ಏರ್ಪಾಡು.

ಈ ಟ್ಯಾಪೆಟ್‌ನ ತಳ ಕಣ್ಣಿಗೆ ಚಪ್ಪಟೆ, ಆದರೆ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಹೊಸ ಟ್ಯಾಪೆಟ್ ಎರಡನ್ನು ತಳಕ್ಕೆ ತಳ ತಾಗಿಸಿ ಹಿಡಿದರೆ ಅಲ್ಲಾಡುತ್ತವೆ. ಕ್ಯಾಮ್‌ನ ಮೈಗೂ ಚೂರು ಇಳಿಜಾರು ಕೊಟ್ಟಿರುತ್ತಾರೆ. ಹೀಗಾಗಿ ಎಂಜಿನ್ ಓಡುವಾಗ ಟ್ಯಾಪೆಟ್ ತನ್ನಷ್ಟಕ್ಕೆ ಗಿರಗಿರನೆ ತಿರುಗುತ್ತಾ, ಸವೆತವನ್ನು ತಳದ ತುಂಬ ಹಂಚಿಕೊಳ್ಳುತ್ತದೆ. ವಾಲ್ವ್ ಕವರ್ ಬಿಚ್ಚಿ ಎಂಜಿನ್ ಓಡಿಸಿದರೆ ಪುಶ್‌ರಾಡ್‌ಗಳು ತಿರುಗುವುದು ಕಾಣುತ್ತದೆ. ಒಂದು ಮಾತ್ರ ತಿರುಗದೆ ನಿಂತಿದೆಯೇ? ಅದರ ಕೆಳಗಿನ ಕ್ಯಾಮ್ ಸವೆದು ಹೋಗುವ ದಾರಿಯಲ್ಲಿದೆ. ಅದರ ಲೋಹದ ಪುಡಿ ಆಯಿಲ್ ಜತೆ ಹೊರಟು ಬೇರಿಂಗ್‌ಗಳನ್ನೂ ಹಾಳುಗೆಡವುತ್ತದೆ.

ಇದನ್ನು ತಡೆಯುವುದು ಆಯಿಲ್‌ಗೆ ಬೆರೆಸುವ ಜೆಡ್‌ಡಿಡಿಪಿ ಎಂಬ ರಾಸಾಯನಿಕ. ಒತ್ತಡ, ಬಿಸಿ ಹೆಚ್ಚಾದಲ್ಲೇ ಲೋಹದ ಮೇಲೆ ತೆಳು ಪೊರೆ ಕಟ್ಟುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಬರೀ ‘ಜಿಂಕ್’. ಪಾಪ, ಪೊರೆ ಕಟ್ಟುವ ಮುಖ್ಯ ಕೆಲಸ ಅದರೊಳಗಿನ ರಂಜಕದ್ದು!

ಹಾಗಾದರೆ ಈಗಿನ ಆಯಿಲ್‌ಗಳಲ್ಲಿ ರಂಜಕ ಕಡಿಮೆಯಾದದ್ದೇಕೆ? ಅಮೆರಿಕದಲ್ಲಿ 1975ರ ಮಾಡೆಲ್‌ಗಳಿಂದ ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬಂತು. ಆಯಿಲ್ ಉರಿದಾಗ ಹೊರಬೀಳುವ ರಂಜಕ ಅದನ್ನು ನಿಷ್ಕ್ರಿಯಗೊಳಿಸುತ್ತದೆ. 2004ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ತಂದ ಎಪಿಐ ಎಸ್‌ಎಂ ದರ್ಜೆಯಲ್ಲಿ 5ಡಬ್ಲ್ಯು-30, 10ಡಬ್ಲ್ಯು-30ಯಂಥ ತೆಳು ಆಯಿಲ್‌ಗಳಿಗೆ ರಂಜಕದ ಗರಿಷ್ಠ ಮಿತಿ ಶೇಕಡಾ 0.08. 20ಡಬ್ಲ್ಯು-50ಗೆ ಈ ಕಟ್ಟುಪಾಡಿಲ್ಲ. ಕನ್ವರ್ಟರೇ ಇಲ್ಲದ ಜಿಟಿಒಗೆ ಈ ಮಿತಿಯಿಂದ ಲಾಭವೇನೂ ಇಲ್ಲ, ನಷ್ಟವಷ್ಟೇ.

ಅಮೆರಿಕದ ಡಬ್ಬಿಗಳ ಮೇಲೆ, ಒಳಗಿನ ಆಯಿಲ್ ರಂಜಕದ ಈ ಮಿತಿಗೆ ಒಳಪಟ್ಟದ್ದೆಂದು ಸೂಚಿಸುವ, ನಕ್ಷತ್ರದಂಥ ಒಂದು ಮುದ್ರೆ ಇರುತ್ತದೆ. ಹೊಸ ಕಾರಿನವರಿಗೆ ಅದು ಭರವಸೆ. ಫ್ಲ್ಯಾಟ್ ಟ್ಯಾಪೆಟ್‌ನವರು ಅದನ್ನು ಕಂಡರೆ ಮುಂದಿನ ಡಬ್ಬಿ ನೋಡುವುದೇ ಮೇಲು.

ಮೇಲಿಂದ ಮೇಲೆ ಜಿಂಕ್ ಶೀಷೆ ಸುರಿದರೆ? ಬೇಡ. ಅತಿಯಾದ ಜೆಡ್‌ಡಿಡಿಪಿಯೇ ಲೋಹವನ್ನು ತಿನ್ನಬಲ್ಲದು. ಹಳೇ ಕಾರುಗಳಿಗೆಂದೇ ಕಲಸಿದ ಆಯಿಲ್ ಕೊಳ್ಳುವುದು ಜಾಣತನ ಎಂಬುದು ನನ್ನ ಮತ.

ಹೊಸ ಕ್ಯಾಮ್ ಕೂರಿಸಿದ ಎಂಜಿನ್ ಸ್ಟಾರ್ಟ್ ಆದ ತಕ್ಷಣ ಅದನ್ನು ಐಡಲ್‌ನಲ್ಲಿ ಬಿಡುವಂತಿಲ್ಲ! 20ರಿಂದ 30 ನಿಮಿಷ 2,000 ಆರ್‌ಪಿಎಂಗಿಂತ ಮೇಲೆಯೇ ಓಡಿಸಬೇಕು. ಕ್ಯಾಮ್‌ಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್‌ಶಾಫ್ಟ್ ಎರಚುವ ಸಿಂಪಡಿಕೆಯಿಂದ; ನಿಧಾನಕ್ಕೆ ತಿರುಗಿದರೆ ಎರಚಲು ಸಾಲದು.

ಎಪಿಐ ಎಸ್‌ಎ ದರ್ಜೆಯ ಆಯಿಲ್ ಅಂತೂ ಮುಟ್ಟಬೇಡಿ. ಹಳೇ ಕಾರಿಗೆ ಹಳೇ ದರ್ಜೆಯೇ ಸರಿ ಎಂದು ಮೋಸಹೋಗುವವರುಂಟು. ಅದು 1930ರ ನಂತರದ ಬಹುತೇಕ ಪೆಟ್ರೋಲ್ ಎಂಜಿನ್‌ಗಳಿಗೇ ತಕ್ಕದ್ದಲ್ಲ.

ಷೆಡ್‌ನಲ್ಲೇ ನಿಲ್ಲುವ ಕಾರಾದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಒಳಗೆ ತೇವ ಸೇರುತ್ತದೆ. ರೋಲರ್ ಕ್ಯಾಮ್ ಹಾಕಿಸಿದವರಿಗೆ ಮಾತ್ರ ಜಿಂಕ್‌ನ ತಲೆಬಿಸಿ ಇಲ್ಲ.