ಕರಪತ್ರದ ಕೊನೆಯ ಸಾಲಿನವರು

ಹಳ್ಳಿಯಲ್ಲಿ ನಾಟಕವಾಡುವುದೆಂದರೆ ಮೊದಲು ಕರಪತ್ರ, ಅನಂತರ ಅಭ್ಯಾಸ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸುತ್ತಣ ಊರುಗಳಲ್ಲಿ ಜಾತ್ರೆಗೋ ಉಗಾದಿಗೋ ಹಂಚುವ ಆ ಬಣ್ಣದ ಹಾಳೆಯನ್ನು ವಾಚಕರು ನೋಡಿಯೇ ಇರುವರು. ಮೇಲ್ಗಡೆ ದೇವರು, ಅದರ ಕೆಳಗೆ ಊರ ಹಿರಿಯರು, ತರುವಾಯ ಅಂಚೆಚೀಟಿಯಷ್ಟು ಚಿಕ್ಕ ಭಾವಚಿತ್ರಗಳಲ್ಲಿ ನಟವರ್ಗವು. ಈ ಕಡೆಯ ಮಂದಿಯ ಪರವಾಗಿ ನಾವು ಎರಡು ಮಾತನಾಡಬೇಕೆಂದಿದ್ದೇವೆ.

ಅಮೆರಿಕದಲ್ಲಿ 1909ರಿಂದ 1911ರ ವರೆಗೆ ಸಿಗರೇಟಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಚೀಟಿಗಳನ್ನಿಟ್ಟು ಮಾರುತ್ತಿದ್ದರು. ಅವುಗಳಲ್ಲಿ ಹೋನಸ್ ವ್ಯಾಗ್ನರನದೊಂದು 2022ರಲ್ಲಿ 72 ಲಕ್ಷ ಡಾಲರುಗಳಿಗೂ ಮಿಕ್ಕ ಬೆಲೆಗೆ ವಿಕ್ರಯವಾಯಿತು. ಅಲ್ಲಿಯ ರಸಿಕರು ಯಾರೂ ಅರಿಯದ ಆಟಗಾರರ ಚೀಟಿಗಳನ್ನೂ ಎತ್ತಿಟ್ಟು, ಅವರ ಮೋರೆ ಮೀಸೆಗಳನ್ನು ಕುರಿತು ನಗುನಗುತ್ತ ಚರ್ಚಿಸುವರು. ನಮ್ಮ ಸೇನಾಧಿಪತಿಯ ಮೀಸೆಯೇನು ಕಡಿಮೆಯೆ?

ಪಾತ್ರದ ಗಾತ್ರಕ್ಕೆ ತಕ್ಕಂತೆ ನಟನೇ ವಂತಿಗೆ ಕೊಡುವ ರೂಢಿಯು ಹಲವೆಡೆ ಉಂಟಾದ್ದರಿಂದ, ಹಸ್ತಿನಾವತಿಯ ಸಿಂಹಾಸನಕ್ಕೂ ಕಣದ ಜೋಳಕ್ಕೂ ನೇರವಾದ ಸಂಬಂಧವಿದೆ. ಮಳೆ ಕೈಕೊಟ್ಟ ವರ್ಷ ಚಕ್ರವರ್ತಿಯಾಗಬೇಕಾದವನು ದೂತನಾಗುತ್ತಾನೆ. ದೂತನಿಗಿರುವುದು ಒಂದೇ ಮಾತು. ಆದರೂ ಹಾರ್ಮೋನಿಯಂ ಮಾಸ್ತರರ ಮುಂದೆ ತಿಂಗಳುಗಟ್ಟಲೆ ಕುಳಿತಿರುತ್ತಾನೆ. ಭಾವಚಿತ್ರವೋ, ಬ್ಯಾಂಕಿನ ಸಾಲದ ಅರ್ಜಿಗೆಂದು ತೆಗೆಸಿದ್ದು. ಆ ದೈನ್ಯವು ಮುಖದಲ್ಲಿ ಹಾಗೆಯೇ ಉಳಿದಿದೆ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಂಥ ನಾಟಕವು ಬೆಳಗಿನ ಜಾವದವರೆಗೂ ಸಾಗುವಾಗ, ಅವನ ಸರದಿ ಬರುವಷ್ಟರಲ್ಲಿ ಸಭೆಯೆಲ್ಲ ನಿದ್ರೆಹೋಗಿರುವುದು. ತಾಯಿಯೊಬ್ಬಳು ಎಚ್ಚರವಾಗಿರುತ್ತಾಳೆ, ಅವನಿಗೆ ಅಷ್ಟು ಸಾಕು.

ಅದೇ ಹಾಳೆಯ ಒಂದು ಬದಿಯಲ್ಲಿ ‘ಸ್ತ್ರೀಪಾತ್ರದಲ್ಲಿ’ ಎಂದಿರುವ ಹೆಸರುಗಳನ್ನು ಗಮನಿಸಿರಿ. ಅವರಲ್ಲಿ ಮರಿಯಮ್ಮನಹಳ್ಳಿಯ ಕಲಾವಿದೆಯರು ಇರುವುದುಂಟು. ಹಳ್ಳಿಯ ಹವ್ಯಾಸಿಗಳ ನಾಟಕವನ್ನು ಎತ್ತಿ ನಿಲ್ಲಿಸುವವರು ವಾಸ್ತವವಾಗಿ ಇವರೇ. ಇಂದು ದ್ರೌಪದಿ, ನಾಳೆ ಬೇರೊಂದೂರಿನಲ್ಲಿ ಗೌಡರ ಸೊಸೆ. ಎದುರಿನ ವೀರನು ಮಾತು ಮರೆತು ಬಾಯಿಬಿಟ್ಟು ನಿಂತರೆ, ಅವನು ಆಡಬೇಕಾದುದನ್ನು ತಮ್ಮ ಪ್ರಶ್ನೆಯಲ್ಲಿಯೇ ಅಡಗಿಸಿ ಒದಗಿಸಿಕೊಡುವರು. ಹೂಮಾಲೆಯು ಮಾತ್ರ ವೀರನ ಕೊರಳಿಗೆ! ಮೋರೆಯ ಬಣ್ಣ ಪೂರ್ತಿ ಹೋಗುವ ಮೊದಲೇ ಮುಂಜಾವಿನ ಬಸ್ಸು ಹಿಡಿದು, ಊರು ಸೇರಿ ಒಲೆ ಹೊತ್ತಿಸಬೇಕು.

ಜೋಗತಿ ಕಲಾವಿದೆ, ಈ ಊರಿನ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದು, ಊರಿನ ಹೆಸರು ದೂರ ದೂರಕ್ಕೆ ಮುಟ್ಟಿತು. ಉಳಿದವರ ಹೆಸರಿಗೆ ಆ ಹಾಳೆಯೇ ಆಸರೆ. ಹಾಳೆಯೋ, ಮರುದಿನವೇ ಮಿರ್ಚಿ ಕಟ್ಟುವ ಪೊಟ್ಟಣವಾಗುತ್ತದೆ. ತಮ್ಮ ಮನೆಯಲ್ಲಿ ಅಂಥದೊಂದು ಉಳಿದಿದ್ದರೆ ವಾಚಕರು ದಯವಿಟ್ಟು ಅದರ ಬೆನ್ನಿಗೆ ಊರನ್ನೂ ವರ್ಷವನ್ನೂ ಬರೆದು ಪೆಟ್ಟಿಗೆಯಲ್ಲಿಡಲಿ. ದಿನವನ್ನೂ ವಾರವನ್ನೂ ದಪ್ಪಕ್ಷರದಲ್ಲಿ ಅಚ್ಚುಹಾಕಿ ವರ್ಷವನ್ನು ಬಿಟ್ಟುಬಿಡುವುದು ಮುದ್ರಕರಿಗೆ ಹೊಸದಲ್ಲ.