ತುಳಸಿ ಓಝೋನ್ ಕೊಡುತ್ತದೆಯೇ? ಕೊಟ್ಟರೂ ನಮಗೆ ಬೇಡ

ಬೇಸಿಗೆ ಶುರುವಾದರೆ ಸಾಕು, ಈ ಸಂದೇಶ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಮತ್ತೆ ಓಡಾಡತೊಡಗುತ್ತದೆ. ತುಳಸಿ ಗಿಡ ದಿನಕ್ಕೆ 20 ಗಂಟೆ ಆಮ್ಲಜನಕ, 4 ಗಂಟೆ ಓಝೋನ್ ಬಿಡುತ್ತದಂತೆ, ಆದ್ದರಿಂದ ಗಿಡದ ಪಕ್ಕ ಕೂತು ಉಸಿರಾಡಬೇಕಂತೆ. ಈ ಸಲ ನಮಗೆ ಇದು ಬಂದದ್ದು ನಮ್ಮ ತಂಡದ ಒಬ್ಬರ ಚಿಕ್ಕಪ್ಪನಿಂದ. ಅವರು ಬೆಂಗಳೂರಿನಲ್ಲಿದ್ದಾರೆ, ಉಬ್ಬಸವಿದೆ, ಜೇಬಿನಲ್ಲಿ ಸದಾ ಇನ್‌ಹೇಲರ್ ಇರುತ್ತದೆ. ಹಾಗಾಗಿ ನಕ್ಕು ಡಿಲೀಟ್ ಮಾಡಲು ಮನಸ್ಸು ಬರಲಿಲ್ಲ.

ಮೊದಲು ಉತ್ತರ ಹೇಳಿಬಿಡುತ್ತೇವೆ. ಸಂದೇಶ ಸುಳ್ಳು. ಗಿಡಗಳು ಆಮ್ಲಜನಕ ಬಿಡುವುದು ಬೆಳಕಿದ್ದಾಗ ಮಾತ್ರ, ತುಳಸಿಯೂ ಅಷ್ಟೇ. ಓಝೋನನ್ನು ಯಾವ ಗಿಡವೂ ಬಿಡುವುದಿಲ್ಲ. ಬದಲಿಗೆ ಎಲೆಯ ಸಣ್ಣ ರಂಧ್ರಗಳ ಮೂಲಕ ಸುತ್ತಲಿನ ಓಝೋನ್ ಸ್ವಲ್ಪ ಒಳಗೆ ಹೋಗುತ್ತದೆ, ಅದರಿಂದ ಎಲೆಗೇ ಹಾನಿ.

ಓಝೋನ್‌ಗೆ ಇಷ್ಟು ಒಳ್ಳೆಯ ಹೆಸರು ಬಂದದ್ದು ಶಾಲೆಯ ಪಾಠದಿಂದ ಇರಬೇಕು. ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿರುವ ಓಝೋನ್ ಪದರ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆ ಪಾಠ ಸರಿ. ಆದರೆ ಅದೇ ಅನಿಲ ನಾವು ಉಸಿರಾಡುವ ಎತ್ತರದಲ್ಲಿದ್ದರೆ ವಿಷ. ಹಳೆಯ ಜೆರಾಕ್ಸ್ ಮೆಷಿನ್ ಓಡುವಾಗ ಅಂಗಡಿಯಲ್ಲಿ ಒಂಥರಾ ಘಾಟು ಬರುತ್ತಿತ್ತಲ್ಲ, ಅದು ಓಝೋನ್‌ನದು. ರಸ್ತೆಯಲ್ಲಿ ಮಾತ್ರ ಅದು ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಸಾಮಾನ್ಯವಾಗಿ ತಿಳಿಯುವುದಿಲ್ಲ.

ನೆಲಮಟ್ಟದ ಓಝೋನ್ ಯಾವ ಸೈಲೆನ್ಸರ್‌ನಿಂದಲೂ ನೇರವಾಗಿ ಹೊರಬರುವುದಿಲ್ಲ. ಅದು ಗಾಳಿಯಲ್ಲೇ ತಯಾರಾಗುತ್ತದೆ. ವಾಹನ, ಜನರೇಟರ್, ಕಾರ್ಖಾನೆಗಳಿಂದ ಬರುವ ನೈಟ್ರೋಜನ್ ಆಕ್ಸೈಡ್‌ಗಳು ಒಂದು ಕಡೆ. ಪೆಟ್ರೋಲ್, ಪೇಂಟ್, ಥಿನ್ನರ್, ಕಸದ ಬೆಂಕಿಯಿಂದ ಬರುವ ಸಾವಯವ ಆವಿಗಳು ಇನ್ನೊಂದು ಕಡೆ. ಬೆಳಗಿನ ಟ್ರಾಫಿಕ್ ಇವೆರಡನ್ನೂ ಗಾಳಿಗೆ ಸುರಿಯುತ್ತದೆ. ಹೊತ್ತೇರಿದಂತೆ ಬಿಸಿಲು ಅವನ್ನು ಬೇಯಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಓಝೋನ್ ಸಿದ್ಧ. ಅಡುಗೆಯ ಸಾಮಾನು ನಮ್ಮದು, ಒಲೆ ಸೂರ್ಯನದು.

ಹವಾಮಾನ ಬದಲಾವಣೆ ಈ ಕಥೆಯೊಳಗೆ ಬರುವುದು ಇಲ್ಲೇ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ. ಭೂಮಿಯ ಸರಾಸರಿ ಉಷ್ಣಾಂಶ ಕೈಗಾರಿಕಾ ಕಾಲಕ್ಕಿಂತ ಹಿಂದೆ ಇದ್ದುದಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ತಂಪಿಗೆ ಹೆಸರಾದ ಬೆಂಗಳೂರು 2016ರ ಏಪ್ರಿಲ್‌ನಲ್ಲೇ 39.2 ಡಿಗ್ರಿ ಕಂಡಿದೆ. ಸೆಖೆ ಹೆಚ್ಚಿದಂತೆ ಓಝೋನ್ ಆಗುವ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುತ್ತದೆ. ಪೆಟ್ರೋಲ್ ಹೆಚ್ಚು ಆವಿಯಾಗುತ್ತದೆ. ಕೆಲವು ಮರಗಳೂ ಹೆಚ್ಚು ಸಾವಯವ ಆವಿ ಬಿಡುತ್ತವೆ. ಮಳೆಯಿಲ್ಲದೆ ಬಾಡಿದ ಗಿಡಗಳು ಎಲೆಯ ರಂಧ್ರ ಮುಚ್ಚಿಕೊಳ್ಳುವುದರಿಂದ ಅವು ಹೀರಿಕೊಳ್ಳುವ ಓಝೋನ್ ಕಡಿಮೆಯಾಗುತ್ತದೆ. ಅಂದರೆ ರಸ್ತೆಗೆ ಒಂದೇ ಒಂದು ಹೊಸ ಗಾಡಿ ಇಳಿಯದಿದ್ದರೂ, ಹೊಗೆ ಅಷ್ಟೇ ಇದ್ದರೂ, ಬಿಸಿ ಹೆಚ್ಚಾದ ದಿನ ನಗರದ ಗಾಳಿ ಹೆಚ್ಚು ಕೆಡಬಹುದು. ಈ ಮಾತನ್ನು ಯಾವ ಫಾರ್ವರ್ಡ್‌ನಲ್ಲೂ ನಾವು ನೋಡಿಲ್ಲ.

ವಾಯುಮಾಲಿನ್ಯ ಅಂದರೆ ದೆಹಲಿ, ಅದೂ ನವೆಂಬರ್‌ನಲ್ಲಿ ಎಂಬುದು ನಮ್ಮಲ್ಲಿ ಅನೇಕರ ತಲೆಯಲ್ಲಿ ಕೂತಿದೆ. ಚಳಿಗಾಲದಲ್ಲಿ ತಂಪು ಗಾಳಿ ನೆಲಕ್ಕೆ ಅಂಟಿ ನಿಂತು ಹೊಗೆ, ಸೂಕ್ಷ್ಮ ಕಣಗಳು ಮೇಲೇಳುವುದಿಲ್ಲ, ಮಬ್ಬು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಅದಕ್ಕೇ ಗಾಳಿ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಓಝೋನ್‌ಗೆ ಬೇಕಾದದ್ದೂ ಅಂಥದೇ ಮೋಡವಿಲ್ಲದ ಬಿಸಿಲು.

ಇದು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸನಾಳದ ಒಳಪದರ ಉರಿದು ಊದಿಕೊಳ್ಳುತ್ತದೆ. ಕೆಮ್ಮು, ಗಂಟಲು ಕೆರೆತ, ಆಳವಾಗಿ ಉಸಿರೆಳೆದರೆ ಎದೆನೋವು ಬರಬಹುದು. ಉಬ್ಬಸ ಇರುವವರಿಗೆ ದಾಳಿ ಶುರುವಾಗಬಹುದು. ಮಕ್ಕಳು ಹೊರಗೆ ಓಡಿ ಆಡುವುದರಿಂದ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಟ್ರಾಫಿಕ್ ಪೊಲೀಸರು, ಡೆಲಿವರಿ ಹುಡುಗರು, ಗಾರೆ ಕೆಲಸದವರಿಗೆ ಮಧ್ಯಾಹ್ನ ನೆರಳಿಗೆ ಹೋಗಿ ಎಂದು ಹೇಳುವುದು ಸುಲಭ, ಅವರಿಗೆ ಹೋಗುವುದು ಸುಲಭವಲ್ಲ.

ಬಿಸಿ ಮತ್ತು ಕೆಟ್ಟ ಗಾಳಿ ಒಟ್ಟಿಗೆ ಬಂದರೆ ಏನಾಗುತ್ತದೆ? ಅಮೆರಿಕದ ಕ್ಯಾಲಿಫೋರ್ನಿಯಾದ ಸಾವುಗಳ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅದು ಓಝೋನ್ ಬಗ್ಗೆ ಅಲ್ಲ, ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಬಗ್ಗೆ. ವಿಪರೀತ ಬಿಸಿ ಮಾತ್ರ ಇದ್ದ ದಿನಗಳಲ್ಲಿ ಸಾವಿನ ಅಪಾಯ ಸುಮಾರು ಶೇ. 6, ಕಣಗಳು ಮಾತ್ರ ವಿಪರೀತ ಇದ್ದ ದಿನಗಳಲ್ಲಿ ಸುಮಾರು ಶೇ. 5 ಹೆಚ್ಚಿತ್ತು. ಎರಡೂ ಸೇರಿದ ದಿನ? ಶೇ. 11 ಅಲ್ಲ, ಸುಮಾರು ಶೇ. 21.

ಇನ್ನು ನೀವು ಏನು ಮಾಡಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ನಿಮ್ಮ ಊರಿನ ವಾಯು ಗುಣಮಟ್ಟ ಸೂಚ್ಯಂಕ ಸಿಗುತ್ತದೆ. ಆ ಒಂದು ದೊಡ್ಡ ಸಂಖ್ಯೆ ನೋಡಿ ಮುಚ್ಚಬೇಡಿ, ಯಾವ ಮಾಲಿನ್ಯಕಾರಕದಿಂದ ಅಷ್ಟು ಬಂದಿದೆ ಎಂದೂ ನೋಡಿ. ನಮ್ಮ ದೇಶದಲ್ಲಿ ಓಝೋನ್‌ಗೆ 8 ಗಂಟೆಯ ಸರಾಸರಿ ಮಿತಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಬೇಸಿಗೆಯಲ್ಲಿ ಓಟ, ಆಟ, ವಾಕಿಂಗ್ ಬೆಳಗ್ಗೆ ಇಟ್ಟುಕೊಳ್ಳಿ. ಎನ್95 ಮಾಸ್ಕ್ ಧೂಳಿನ ಕಣ ತಡೆಯುತ್ತದೆ, ಓಝೋನ್ ಅನಿಲವನ್ನಲ್ಲ. ಮನೆಯ ಗಾಳಿ ಶುದ್ಧಮಾಡಲು ಎಂದು ಮಾರುವ ಓಝೋನ್ ಯಂತ್ರ ದಯವಿಟ್ಟು ಕೊಳ್ಳಬೇಡಿ, ಅದು ದುಡ್ಡು ಕೊಟ್ಟು ವಿಷ ತಂದಂತೆ. ಉಬ್ಬಸದ ಔಷಧಿಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ.

ಚಿಕ್ಕಪ್ಪನಿಗೆ ಇಷ್ಟೂ ಬರೆದು ಕಳಿಸಿದೆವು. ಅವರು ತುಳಸಿಕಟ್ಟೆಯ ಬಳಿ ಕೂರುವುದನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಮಧ್ಯಾಹ್ನ 3ರ ಬದಲು ಬೆಳಗ್ಗೆ 7ಕ್ಕೆ ಕೂರುತ್ತಾರೆ.